ಆಕ್ರಿಲಿಕ್ ಪುಷ್ಪಮೀಮಾಂಸೆ: ಕುಕನೂರು ಪರಿಸರವನ್ನು ಅನುಲಕ್ಷಿಸಿ ಒಂದು ತಾತ್ವಿಕ ಅನುಸಂಧಾನ

ಶಾಸ್ತ್ರಗ್ರಂಥ ಶುರುವಾಗುವ ಮೊದಲೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಪ್ರಬಂಧದ ವಿಷಯ, ಕ್ಯಾನ್ವಾಸಿನ ಮೇಲೆ ಆಕ್ರಿಲಿಕ್ ಬಣ್ಣದಲ್ಲಿ ಹೂವು ಒಡಮೂಡುವ ಸೃಜನಶೀಲ ಪ್ರಕ್ರಿಯೆ. ಪ್ರಯೋಜನ, ವಿಚಾರಸಂಕಿರಣದ ಪ್ರಮಾಣಪತ್ರ ಮತ್ತು ಮಧ್ಯಾಹ್ನದ ಊಟ. ಸಂಬಂಧವೆಂದರೆ ಹೂವಿಗೂ ಹೂವಿನ ಬಗೆಗಿನ ಬರಹಕ್ಕೂ ಇರುವ ಸಂಬಂಧ. ಅದು ಈವರೆಗೆ ಸಿದ್ಧವಾಗಿಲ್ಲ. ಅಧಿಕಾರಿ ಎಂದರೆ ಇದನ್ನು ಓದಲು ಅರ್ಹನಾದವನು. ಆತ ಕುಂಚ ಹಿಡಿದವನಾಗಿರಬಾರದು, ಹಿಡಿದಿದ್ದರೂ ತೊಳೆದಿಟ್ಟು ಬಹುಕಾಲ ಆಗಿರಬೇಕು. ಹೂವನ್ನು ಯಾರೋ ಕೂತು ಬರೆಯುತ್ತಾರೆಂದು ಪಾಮರರು ತಿಳಿದಿದ್ದಾರೆ. ಪ್ರದರ್ಶನಗಳಲ್ಲಿ ಚಿತ್ರದ ಪಕ್ಕ ತೂಗುಬಿಡುವ ಟಿಪ್ಪಣಿಗಳು ಈ ಭ್ರಮೆಯನ್ನು ನಿವಾರಿಸುತ್ತವೆ. ಅವುಗಳ ಪ್ರಕಾರ ಹೂವು ಅವಕಾಶದೊಂದಿಗೆ ಮುಖಾಮುಖಿಯಾಗುತ್ತದೆ, ಅಸ್ಮಿತೆಯ ಬಿಕ್ಕಟ್ಟಿನೊಂದಿಗೆ ಅನುಸಂಧಾನ ನಡೆಸುತ್ತದೆ, ದೇಹ ಮತ್ತು ಸ್ಮೃತಿಗಳ ಸಂಕಥನವಾಗಿ ಪಲ್ಲಟಗೊಳ್ಳುತ್ತದೆ. ಇಷ್ಟೆಲ್ಲ ಮಾಡಿ ಮುಗಿಸುವ ಹೊತ್ತಿಗೆ ಅದು ಯಾವ ಹೂವು ಎಂದು ಹೇಳಲು ಜಾಗ ಉಳಿದಿರುವುದಿಲ್ಲ. ಹೂವು ಮಾತಿನಿಂದ ಹುಟ್ಟುತ್ತದೆ, ಬಣ್ಣ ಕೇವಲ ನಿಮಿತ್ತ ಎಂಬ ಈ ದರ್ಶನಕ್ಕೆ ನಾವು ವಾಕ್‌ಪುಷ್ಪವಾದ ಎಂದು ಹೆಸರಿಟ್ಟಿದ್ದೇವೆ.

ಅಧ್ಯಯನದ ವ್ಯಾಪ್ತಿಯನ್ನು ಕೊಪ್ಪಳ ಜಿಲ್ಲೆಯ ಕುಕನೂರಿಗೆ ಸೀಮಿತಗೊಳಿಸಿಕೊಳ್ಳಲಾಗಿದೆ. ರಾಷ್ಟ್ರಕೂಟರ ಕಾಲದ ನವಲಿಂಗ ದೇವಾಲಯ ಸಮೂಹ ಇರುವ ಊರಾದ್ದರಿಂದ ಪ್ರಕ್ರಿಯೆಯನ್ನೂ ನವವಿಧವಾಗಿ ವಿಂಗಡಿಸುವುದು ಸ್ಥಳಮರ್ಯಾದೆ. ಎಂಟೇ ಸಿಕ್ಕಿದ್ದರೂ ನಾವು ಒಂಬತ್ತು ಮಾಡುತ್ತಿದ್ದೆವು. ಮೊದಲನೆಯದು ಶ್ವೇತಶೂನ್ಯಾವಸ್ಥೆ. ಖಾಲಿ ಕ್ಯಾನ್ವಾಸನ್ನು ಶೂನ್ಯದ ರೂಪಕವೆಂದು ಬಗೆದು ಆ ಕೂಡಲೇ ಅಲ್ಲಮನನ್ನು ಎಳೆದು ತರುವುದು ಈ ಅವಸ್ಥೆಯ ಲಕ್ಷಣ. ಅಲ್ಲಮ ಎದುರು ಮಾತಾಡುವುದಿಲ್ಲವಾದ್ದರಿಂದ ಪದ್ಧತಿ ಸುರಕ್ಷಿತವಾಗಿದೆ. ಆದರೆ ಶೂನ್ಯವನ್ನು ಬೆರಳಿಂದ ಮುಟ್ಟಿ ನೋಡಿದರೆ ಬೇರೆಯದೇ ವರದಿ ಸಿಗುತ್ತದೆ. ಅದು ಮರದ ಚೌಕಟ್ಟಿಗೆ ಬಿಗಿದು ಮೊಳೆ ಹೊಡೆದ ಹತ್ತಿಯ ದಪ್ಪ ಬಟ್ಟೆ. ಬಟ್ಟೆಯ ಮೇಲೆ ಗೆಸ್ಸೊ ಇದೆ: ಸುಣ್ಣಕಲ್ಲಿನ ಪುಡಿ, ಬಿಳಿ ವರ್ಣದ್ರವ್ಯ, ಎರಡನ್ನೂ ಹಿಡಿದಿಡಲು ಆಕ್ರಿಲಿಕ್ ಅಂಟು. ಒಂದು ಕೋಟು ಬಳಿದು, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಮತ್ತೊಂದು ಕೋಟು ಬಳಿಯುತ್ತಾರೆ. ಇದಿಲ್ಲದಿದ್ದರೆ ಬಟ್ಟೆ ಬಣ್ಣವನ್ನು ಕುಡಿದುಬಿಡುತ್ತದೆ. ಶೂನ್ಯ ಎನ್ನಿಸಿಕೊಳ್ಳುವುದಕ್ಕೂ ಇಷ್ಟು ಬಳಿಸಿಕೊಳ್ಳಬೇಕು.

ಎರಡನೆಯದು ಆರ್ದ್ರಾವಸ್ಥೆ, ಮೂರನೆಯದು ಶುಷ್ಕಾವಸ್ಥೆ. ಈ ಎರಡರ ನಡುವಿನ ಅಂತರಾಳದಲ್ಲಿ ಕಲಾವಿದ ತನ್ನ ಅಂತರಂಗದ ಜೊತೆ ದೀರ್ಘ ಸಂವಾದ ನಡೆಸುತ್ತಾನೆಂದು ವಾಕ್‌ಪುಷ್ಪವಾದಿಗಳು ಹೇಳುತ್ತಾರೆ. ಇದಕ್ಕೆ ಎಷ್ಟು ಹೊತ್ತು ಸಿಗುತ್ತದೆಂದು ಲೆಕ್ಕ ಹಾಕಬೇಕಿದೆ. ಆಕ್ರಿಲಿಕ್ ಎಂಬುದು ನೀರಿನಲ್ಲಿ ತೇಲುವ ಅತಿ ಸಣ್ಣ ಪ್ಲಾಸ್ಟಿಕ್ ಕಣಗಳು ಮತ್ತು ಬಣ್ಣದ ಪುಡಿ. ನೀರು ಆವಿಯಾಗುತ್ತಿದ್ದಂತೆ ಕಣಗಳು ಒಂದಕ್ಕೊಂದು ಬೆಸೆದುಕೊಂಡು ತೆಳುವಾದ ಪೊರೆಯಾಗುತ್ತವೆ. ಆಮೇಲೆ ಎಷ್ಟು ನೀರು ಹಾಕಿದರೂ ಅದು ಕರಗುವುದಿಲ್ಲ. ತಂಪಾದ ಊರುಗಳಲ್ಲಿ ಈ ಕೆಲಸ ತುಸು ಸಾವಧಾನವಾಗಿ ನಡೆಯಬಹುದು. ಏಪ್ರಿಲ್ ತಿಂಗಳಲ್ಲಿ ಪಾರಾ 40 ಡಿಗ್ರಿಯ ಆಸುಪಾಸು ಸುಳಿದಾಡುವ ಕುಕನೂರಿನಲ್ಲಿ, ಎಸಳಿನ ಅಂಚನ್ನು ಮೆತ್ತಗೆ ಬೆರೆಸಲು ಸಿಗುವುದು ಕೆಲವೇ ನಿಮಿಷ. ಫ್ಯಾನ್ ಬಂದ್ ಮಾಡಿ, ಬಣ್ಣದ ತಾಟಿನ ಕೆಳಗೆ ಒದ್ದೆ ಬಟ್ಟೆ ಹಾಸಿ, ನಡುನಡುವೆ ನೀರು ಚಿಮುಕಿಸಿಕೊಂಡು ಬಣ್ಣವನ್ನು ಹಸಿಯಾಗಿ ಉಳಿಸಿಕೊಳ್ಳಬೇಕು. ತೊಳೆಯುವುದು ಮರೆತ ಕುಂಚ ಕಡ್ಡಿಯಾಗುತ್ತದೆ. ಅಂತರಂಗದ ಜೊತೆ ಸಂವಾದ ಶುರುವಿಟ್ಟವನ ಎಸಳು ಗಡಿರೇಖೆ ಎದ್ದು ಪಟ್ಟಿ ಪಟ್ಟಿಯಾಗಿ ಒಣಗಿರುತ್ತದೆ. ಇಷ್ಟು ಸಾಲದೆಂಬಂತೆ, ಹಸಿ ಇದ್ದಾಗ ಹಾಲಿನಂತಿದ್ದ ಅಂಟು ಒಣಗಿದಾಗ ಪಾರದರ್ಶಕವಾಗುವುದರಿಂದ ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಬರೆಯುವವನು ಕಣ್ಣಿಗೆ ಕಂಡದ್ದನ್ನು ಹಚ್ಚುವಂತಿಲ್ಲ, ಕಾಣಲಿರುವುದನ್ನು ಊಹಿಸಿ ಹಚ್ಚಬೇಕು.

ನಾಲ್ಕನೆಯದನ್ನು ನಾವು ಪೀತಸಂಕಟಾವಸ್ಥೆ ಎಂದು ಕರೆದಿದ್ದೇವೆ. ಇದರ ಬಗ್ಗೆ ಟಿಪ್ಪಣಿಗಳು ಮೌನವಾಗಿವೆ. ಕಡು ಹಸಿರು ಹಿನ್ನೆಲೆಯ ಮೇಲೆ ಸೂರ್ಯಕಾಂತಿ ಎಸಳನ್ನು ಅಗ್ಗದ ಲೆಮನ್ ಯಲ್ಲೋದಿಂದ ಎಳೆದು ನೋಡಬೇಕು. ಹಳದಿ ಕೆಳಗಿನ ಕಡು ಹಸಿರನ್ನು ಮುಚ್ಚುವುದಿಲ್ಲ, ಪಾಚಿಗಟ್ಟಿದಂತೆ ಕಾಣುತ್ತದೆ. ಎರಡನೇ ಸಲ, ಮೂರನೇ ಸಲ ಬಳಿದರೂ ಬಣ್ಣ ದಪ್ಪಗಾಗುತ್ತದೆ ಹೊರತು ಬೆಳಕು ಬರುವುದಿಲ್ಲ. ಬಲ್ಲವರು ಮೊದಲು ಆ ಎಸಳನ್ನು ಪೂರ್ತಿ ಬಿಳಿಯಲ್ಲಿ ಬರೆದು, ಒಣಗಲು ಬಿಟ್ಟು, ಆಮೇಲೆ ಅದರ ಮೇಲೆ ಹಳದಿಯನ್ನು ತೆಳ್ಳಗೆ ಹಾಯಿಸುತ್ತಾರೆ. ಆಗ ಅಡಿಯ ಬಿಳಿ ಬೆಳಕನ್ನು ಮರಳಿ ಕಳಿಸಿ ಹೂವು ಒಳಗಿನಿಂದ ಉರಿದಂತೆ ಕಾಣುತ್ತದೆ. ಹಳದಿ ಹೂವಿನ ಕೆಳಗೆ ಯಾರೂ ನೋಡದ ಇನ್ನೊಂದು ಬಿಳಿ ಹೂವಿರುತ್ತದೆ, ಅದನ್ನೂ ಅಷ್ಟೇ ಜತನದಿಂದ ಬರೆದಿರಬೇಕು. ಸೃಜನಶೀಲ ಪ್ರಕ್ರಿಯೆ ಎಂದು ಒಂದಿದ್ದರೆ ಅದು ಇಲ್ಲಿದೆ. ಉಳಿದ ಐದು ಅವಸ್ಥೆಗಳಿಗೂ ಹೆಸರು ಹುಡುಕಿಟ್ಟಿದ್ದೇವೆ. ಓದುಗರು ಒತ್ತಾಯಿಸಲಾರರೆಂಬ ಭರವಸೆಯಿಂದ ಅವನ್ನು ಇಲ್ಲಿಗೇ ಕೈಬಿಡಲಾಗಿದೆ.

ಈಗ ಪೂರ್ವಪಕ್ಷ. ಒಣಗುವ ವೇಳೆ, ಬಿಳಿಯ ಅಡಿಪಾಯ ಇವೆಲ್ಲ ಬರೀ ತಂತ್ರ. ಕಲೆಯ ಅರ್ಥ ಇರುವುದು ಅನುಭವದಲ್ಲಿ, ಅದನ್ನು ವಿವರಿಸಲು ಪರಿಭಾಷೆ ಬೇಕೇಬೇಕು ಎಂಬುದು ಅದರ ವಾದ. ಈ ಆಕ್ಷೇಪಕ್ಕೆ ತೂಕವಿದೆ. ಪರಿಭಾಷೆ ಇಲ್ಲದೆ ಯಾವ ವಿದ್ಯೆಯೂ ನಡೆಯುವುದಿಲ್ಲ. ಬಡಗಿಗೂ ಇದೆ, ವೈದ್ಯನಿಗೂ ಇದೆ. ಆದರೆ ಬಡಗಿಯ ಮಾತು ಕೇಳಿದ ಇನ್ನೊಬ್ಬ ಬಡಗಿ ಅದರಂತೆ ಕದ ಮಾಡಬಲ್ಲ. ಅಸ್ಮಿತೆಯ ಅನುಸಂಧಾನ ಎಂಬ ಮಾತು ಕೇಳಿ ಯಾರಾದರೂ ಒಂದು ಎಸಳನ್ನು ನಿನ್ನೆಗಿಂತ ಚೆನ್ನಾಗಿ ಬರೆದರೆ, ಅಥವಾ ಎದುರಿನ ಎಸಳನ್ನು ನಿನ್ನೆಗಿಂತ ಚೆನ್ನಾಗಿ ನೋಡಿದರೆ, ನಮ್ಮ ವಾದ ಬಿದ್ದುಹೋಗುತ್ತದೆ. ವ್ಯಾನ್ ಗೋ 1888ರ ಆಗಸ್ಟಿನಲ್ಲಿ ಫ್ರಾನ್ಸಿನ ಆರ್ಲ್‌ನಲ್ಲಿ ಸೂರ್ಯಕಾಂತಿ ಬರೆಯುತ್ತಿದ್ದಾಗ ತಮ್ಮನಿಗೆ ಪತ್ರ ಬರೆದ. ಹೂವುಗಳು ಬೇಗ ಬಾಡುತ್ತವೆ, ಒಂದೇ ಓಟಕ್ಕೆ ಮುಗಿಸಬೇಕು, ಅದಕ್ಕೇ ಬೆಳಗಾಗುತ್ತಿದ್ದಂತೆ ಕೂತುಬಿಡುತ್ತೇನೆ ಎಂಬುದು ಅದರ ಸಾರ. ಆ ಚಿತ್ರಗಳ ಬಗ್ಗೆ ಗ್ರಂಥಭಂಡಾರವೇ ಬೆಳೆದಿದೆ. ಪ್ರಕ್ರಿಯೆಯ ಬಗ್ಗೆ ಅವನ ಈ ಮಾತಿಗಿಂತ ಹೆಚ್ಚಿನ ತಿಳಿವಳಿಕೆ ಅದರಲ್ಲಿ ಎಷ್ಟಿದೆಯೋ. ಬಾಡುವ ಹೂವು, ಒಣಗುವ ಬಣ್ಣ: ಎರಡೂ ಕಡೆಯಿಂದ ಹೊತ್ತು ಕೈಮೀರುತ್ತಿರುವಾಗ ಕೈ ತೆಗೆದುಕೊಳ್ಳುವ ನಿರ್ಧಾರಗಳ ಸರಣಿಯೇ ಹೂಚಿತ್ರ. ಟಿಪ್ಪಣಿ ಬರುವುದು ಎಲ್ಲ ಒಣಗಿದ ಮೇಲೆ.

ಇನ್ನೊಂದು ಸಾಕ್ಷ್ಯ ಹೂವುಗಳ ಆಯ್ಕೆಯದು. ಕುಂಚ ಹಿಡಿದ ಹೊಸಬರು ಇಂದು ಬರೆಯುವ ಹೂವುಗಳನ್ನು ನೋಡಿದರೆ ಟ್ಯುಲಿಪ್, ಲ್ಯಾವೆಂಡರ್, ಚೆರ್ರಿ ಬ್ಲಾಸಮ್. ವಿಡಿಯೋ ನೋಡುತ್ತ ಕಲಿತದ್ದು. ಕಲಿಸಿದವರ ಊರಿನ ಹೂವೇ ಕಲಿತವರ ಕೈಗೆ ಬಂದಿದೆ. ಇದರಲ್ಲಿ ಕಲಿಯುವ ಮಕ್ಕಳ ತಪ್ಪೇನೂ ಇಲ್ಲ. ಆದರೆ ಇದಕ್ಕೂ ನೆಲಮೂಲದ ಸಂವೇದನೆ ಎಂಬ ಟಿಪ್ಪಣಿ ಹಚ್ಚುತ್ತಾರಲ್ಲ, ಅಲ್ಲಿ ಪ್ರಬಂಧಕಾರರ ಸಹನೆ ಮುಗಿಯುತ್ತದೆ. ಯಾವ ನೆಲ? ಕುಕನೂರು, ಯಲಬುರ್ಗಾದ ಎರಿ ಹೊಲಗಳಲ್ಲಿ ಟ್ಯುಲಿಪ್ ಬೆಳೆದವರು ಯಾರು? ಹಿಂಗಾರಿಯಲ್ಲಿ ಕಡಲೆ ಹೊಲಕ್ಕೆ ಇಳಿದರೆ ಕಿರುಬೆರಳ ಉಗುರಿನಷ್ಟು ಗಾತ್ರದ ನಸುನೇರಳೆ ಹೂವಿದೆ. ಜೋಳದ ಹೊಲದ ಬದಿಯಲ್ಲಿ ಕುಸುಬಿ ಇದೆ, ಮೊದಲಿನಷ್ಟಿಲ್ಲ, ಆದರೂ ಇದೆ: ಮುಳ್ಳಿನ ಬಟ್ಟಲಿನಿಂದ ಹಳದಿಯಾಗಿ ಹೊರಟು, ಬಾಡುತ್ತಾ ಕೇಸರಿಗೆ, ಕೆಂಪಿಗೆ ತಿರುಗುವ ಹೂವು, ಒಂದು ಕಾಲಕ್ಕೆ ಬಟ್ಟೆಗೇ ಬಣ್ಣ ಕೊಟ್ಟದ್ದು. ಇನ್ನು ಹತ್ತಿ. ದಾಸವಾಳದ ಕುಟುಂಬದ ಈ ಹೂವು ಬೆಳಿಗ್ಗೆ ಕೆನೆಬಣ್ಣದಲ್ಲಿ ಅರಳಿ, ಮರುದಿನಕ್ಕೆ ಗುಲಾಬಿಯಾಗಿ, ಆಮೇಲೆ ಮುದುಡಿ ಉದುರುತ್ತದೆ. ಒಂದೇ ಗಿಡದಲ್ಲಿ ನಿನ್ನೆಯದೂ ಇವತ್ತಿನದೂ ಬೇರೆ ಬೇರೆ ಬಣ್ಣದಲ್ಲಿ ಅಕ್ಕಪಕ್ಕ ಇರುತ್ತವೆ. ಬಣ್ಣಗಾರನಿಗೆ ಇದಕ್ಕಿಂತ ದೊಡ್ಡ ಸವಾಲು ಬೇಕೇ? ಕ್ಯಾನ್ವಾಸು ಅದೇ ಹತ್ತಿಯದು. ಹತ್ತಿಯ ಬಟ್ಟೆಯ ಮೇಲೆ ಜಗತ್ತಿನ ಹೂವುಗಳೆಲ್ಲ ಅರಳಿವೆ, ಹತ್ತಿಯ ಹೂವಿನ ಸರದಿ ಮಾತ್ರ ಬರುವುದು ಕಾಣೆವು. ಸ್ವಪ್ರತಿಫಲನಾತ್ಮಕತೆ ಎಂದು ಪುಟಗಟ್ಟಲೆ ಬರೆಯುವವರ ಗಮನಕ್ಕೆ ಇದನ್ನು ತರಬಯಸುತ್ತೇವೆ.

ಇದು ಸಂಕುಚಿತ ಪ್ರಾಂತೀಯತೆ, ಕಲಾವಿದ ಏನನ್ನಾದರೂ ಬರೆಯಬಹುದು ಎಂದು ಆಕ್ಷೇಪಿಸಬಹುದು. ಖಂಡಿತ ಬರೆಯಬಹುದು. ಸೂರ್ಯಕಾಂತಿಯೂ ಅಮೆರಿಕದಿಂದ ಬಂದದ್ದೇ; ಇಂದು ಅದು ಕೊಪ್ಪಳದ ರೈತನ ಬೆಳೆ, ಅದರ ರೇಟು ಬಿದ್ದರೆ ಮನೆಯಲ್ಲಿ ಸೂತಕ. ಹೊರಗಿನಿಂದ ಬಂದದ್ದು ಎಂಬುದಕ್ಕೆ ನಮ್ಮ ತಕರಾರಿಲ್ಲ. ಆಕ್ರಿಲಿಕ್ಕೇ 1950ರ ದಶಕದಲ್ಲಿ ಅಮೆರಿಕದ ಅಂಗಡಿಗಳಲ್ಲಿ ಚಿತ್ರಕಾರರ ಬಣ್ಣವಾಗಿ ನೆಲೆ ಕಂಡದ್ದು. ತಕರಾರಿರುವುದು ನೋಡದಿರುವುದರ ಬಗ್ಗೆ, ನೋಡದೆಯೂ ನೋಡಿದವರ ದನಿಯಲ್ಲಿ ಮಾತಾಡುವುದರ ಬಗ್ಗೆ. ಪಕ್ಕದ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯವಿದೆ, ಶಾಸನ ದೇವಾಲಯ ಚಕ್ರವರ್ತಿ ಎಂದು ಕೊಂಡಾಡಿದ್ದು. ಅಲ್ಲಿನ ಬಳ್ಳಿಯ ಕೆತ್ತನೆಯಲ್ಲಿ ಎಲೆ ಎಲ್ಲಿ ತಿರುವಬೇಕು, ಎಲ್ಲಿ ಮಡಚಬೇಕು ಎಂಬುದು ಗಿಡವನ್ನು ನೋಡಿದ ಕಣ್ಣಿಗೆ ಮಾತ್ರ ಹೊಳೆಯುವಂಥದ್ದು. ಕಟ್ಟಿಸಿದ ದಂಡನಾಯಕ ಮಹಾದೇವನ ಹೆಸರು ನಮಗೆ ಬಾಯಿಪಾಠ. ಆ ಬಳ್ಳಿ ಕೊರೆದವನ ಹೆಸರು ಯಾರ ಬಾಯಲ್ಲೂ ಇಲ್ಲ, ಅದು ಹೋಗಲಿ, ಒಂಬತ್ತು ಶತಮಾನ ಹಿಂದಿನ ಮಾತು.

ಇದೇ ಜಿಲ್ಲೆಯ ಕಿನ್ನಾಳದ ಮಾತು ಇಂದಿನದು. ಅಲ್ಲಿನ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ಗೊಂಬೆ ಕೆತ್ತಿ, ಮರದ ಹೊಟ್ಟನ್ನು ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಮೆತ್ತಿ, ಮೇಲೆ ಬಿಳಿ ಹಚ್ಚಿ, ಆ ಬಿಳಿಯ ಮೇಲೆ ಸೀರೆಯಂಚಿನ ಹೂವು, ಮುಡಿಯ ಹೂವು, ಪೀಠದ ಕಮಲ ಬರೆಯುತ್ತಾ ಬಂದಿವೆ. ತವರದಿಂದ ಚಿನ್ನದ ಹೊಳಪು ತರುವ ಲಾಜವರ ಎಂಬ ವಿದ್ಯೆ ಅವರದು. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಛಾವಣಿ ಚಿತ್ರ ಬರೆದವರು ಇವರ ಹಿರಿಯರೇ ಎಂಬ ಪ್ರತೀತಿಯಿದೆ. ಬಿಳಿಯ ಅಡಿಪಾಯ, ಅಂಟು, ಒಣಗುವ ವೇಳೆ, ತಿದ್ದಲು ಬಾರದ ಗೆರೆ: ಗೆಸ್ಸೊ ಬಳಿದ ಕ್ಯಾನ್ವಾಸಿನ ಮುಂದೆ ಕೂತವನಿಗೆ ಎದುರಾಗುವುದೆಲ್ಲ ಇವರಿಗೂ ಎದುರಾಗುತ್ತದೆ. ಆದರೂ ಇವರದು ಕರಕುಶಲ, ಅವನದು ಸೃಜನಶೀಲ ಪ್ರಕ್ರಿಯೆ. ಕಿನ್ನಾಳದ್ದು ಪುನರಾವರ್ತನೆ, ಒಂದೇ ಮಾದರಿಯ ಹೂವನ್ನು ಮತ್ತೆ ಮತ್ತೆ ಬರೆಯುವುದು, ಆದ್ದರಿಂದ ವ್ಯತ್ಯಾಸ ಸರಿ ಎನ್ನುವವರಿದ್ದಾರೆ. ಹಾಗಾದರೆ ವಿಡಿಯೋ ನೋಡಿ ಸಾವಿರಾರು ಜನ ಒಂದೇ ಅಳತೆಯಲ್ಲಿ ಬರೆದ ಅದೇ ಟ್ಯುಲಿಪ್ ಏನು? ಒಂದೇ ಹೂವನ್ನು ಆಯುಷ್ಯವಿಡೀ ಬರೆದವನ ಎಸಳಲ್ಲಿ ಒಂದು ಎಳೆತದ ಧೈರ್ಯವಿರುತ್ತದೆ. ಕುಂಚ ಒತ್ತಿ, ಹೊರಳಿಸಿ, ತುದಿಯಲ್ಲಿ ಎತ್ತಿದರೆ ಮುಗಿಯಿತು. ಅದನ್ನು ಯಾಂತ್ರಿಕವೆನ್ನುವವರು ಒಂದು ಸಲ ಎಳೆದು ತೋರಿಸಲಿ. ಮಳಿಗೆಯ ಚೀಟಿಯಲ್ಲಿ ಆ ಗೊಂಬೆಗೆ ಬೆಲೆ ಇರುತ್ತದೆ, ಊರಿನ ಹೆಸರಿರುತ್ತದೆ, ಈಗ ಜಿಐ ಟ್ಯಾಗಿನ ಹೆಮ್ಮೆಯೂ ಸೇರಿದೆ. ಬರೆದ ಕೈಯ ಹೆಸರನ್ನು ಹುಡುಕಬೇಕು. ಕ್ಯಾನ್ವಾಸಿನ ಪಕ್ಕದ ಚೀಟಿಯಲ್ಲಿ ಹೆಸರು, ವರ್ಷ, ಮಾಧ್ಯಮ, ಮೇಲೆ ಸಂಕಥನ ಬೇರೆ. ಕಿನ್ನಾಳದವರೂ ಟಿಪ್ಪಣಿ ಬರೆದು ತೂಗಿಹಾಕಲಿ, ಬೇಡವೆಂದವರಾರು ಎಂಬುದು ಕೊನೆಯ ಆಕ್ಷೇಪ. ಅವರು ಯಾಕೆ ಬರೆಯಬೇಕು? ಬರೆಯುವುದು ಬರಹಗಾರರ ಕೆಲಸ, ಸಂಬಳ ತೆಗೆದುಕೊಳ್ಳುವವರ ಕೆಲಸ. ಬರೆಯುವುದಾದರೆ ಯಾವ ಮರ, ಯಾವ ಅಂಟು, ಎಷ್ಟು ಕೋಟು, ಯಾವ ಹೂವು, ಯಾರ ಕೈ ಎಂದು ಬರೆಯಲಿ. ಅಷ್ಟು ಗೊತ್ತಿಲ್ಲದವರಿಗೆ ಕೊಪ್ಪಳದಿಂದ ಕಿನ್ನಾಳಕ್ಕೆ ಬಸ್ಸಿದೆ.