ಜೋಡಿ ಕಟ್ಟುವವರು

ದಸರೆ ಹತ್ತಿರವಾಗುತ್ತಿದ್ದಂತೆ ಮೈಸೂರಿನ ವಸ್ತುಪ್ರದರ್ಶನ ಮೈದಾನದ ಕಡೆಗೆ ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಬಸ್ಸುಗಳಿಂದ ಒಂದು ಬಗೆಯ ಹುಡುಗರು ಇಳಿಯುತ್ತಾರೆ. ಕಿವಿ ಮುದುಡಿರುತ್ತದೆ, ಕತ್ತು ಇದೆಯೋ ಇಲ್ಲವೋ ಎಂಬ ಅನುಮಾನ, ಹಿಂದೆ ಒಬ್ಬ ಮೀಸೆಯ ಉಸ್ತಾದರು. ಅವತ್ತು ಕುಸ್ತಿ ಇರುವುದಿಲ್ಲ. ಜೋಡಿ ಕಟ್ಟುವ ಕಾರ್ಯಕ್ರಮ. ನನ್ನನ್ನು ಕೇಳಿದರೆ ಕುಸ್ತಿಗಿಂತ ಇದೇ ಚೆಂದ. ಅಂಗಿ ಬಿಚ್ಚಿದ ಇಬ್ಬರನ್ನು ಭುಜಕ್ಕೆ ಭುಜ ತಾಗಿಸಿ ನಿಲ್ಲಿಸುತ್ತಾರೆ. ಹಿರಿಯರು ಎತ್ತರ, ಎದೆ, ತೊಡೆ ನೋಡುತ್ತಾರೆ. ಯಾವ ಗರಡಿ, ಯಾರ ಶಿಷ್ಯ, ಹೋದ ವರ್ಷ ಯಾರ ಮೇಲೆ ಹಿಡಿದಿದ್ದ ಎಂಬ ವಿಚಾರಣೆ ನಡೆಯುತ್ತದೆ. ಒಪ್ಪಿಗೆಯಾದರೆ ಇಬ್ಬರೂ ಕೈ ಕುಲುಕುತ್ತಾರೆ, ಹೆಸರು ಬರೆದಾಯಿತು. ಆಗದಿದ್ದರೆ ಯಾರಾದರೊಬ್ಬರು, ‘ಬ್ಯಾಡ ಬುಡಿ ಸಾ, ಅವ್ನು ಒಂದು ಮುದ್ದೆ ಜಾಸ್ತಿ ಉಂಡವ್ನೆ’ ಎಂದು ತಮ್ಮ ಹುಡುಗನನ್ನು ಹಿಂದಕ್ಕೆಳೆದುಕೊಳ್ಳುತ್ತಾರೆ.

ಆ ಒಂದು ಮುದ್ದೆಯ ವ್ಯತ್ಯಾಸವನ್ನು ಕಣ್ಣಲ್ಲೇ ತೂಗುವುದು ಹುಡುಗಾಟವಲ್ಲ. ಸಾಹುಕಾರ್ ಚೆನ್ನಯ್ಯ ಕುಸ್ತಿ ಅಖಾಡದ ಮಟ್ಟಿಯ ಮೇಲೆ ಮುಂದೆ ನಡೆಯುವುದರ ಅರ್ಧ ಭಾಗ ಇಲ್ಲೇ ತೀರ್ಮಾನವಾಗಿರುತ್ತದೆ. ಜೋಡಿ ಸರಿಯಿಲ್ಲದಿದ್ದರೆ ಎರಡು ನಿಮಿಷದಲ್ಲಿ ಒಬ್ಬ ಚಿತ್. ಜನ ಕಡಲೆಕಾಯಿ ಸುಲಿಯುವಷ್ಟರಲ್ಲಿ ಆಟ ಮುಗಿದು, ಬೈಗುಳ ಮಾತ್ರ ಜೋಡಿ ಕಟ್ಟಿದವರಿಗೆ. ‘ದಸರಾ ಕಂಠೀರವ’, ‘ದಸರಾ ಕೇಸರಿ’ಯಂಥ ಬಿರುದಿನ ಪಂದ್ಯಗಳಿಗೆ ತೂಕ, ಸುತ್ತು, ಪಟ್ಟಿ ಎಲ್ಲ ಉಂಟು. ನಾಡಕುಸ್ತಿಯ ಜೋಡಿಗೆ ಅದೊಂದೂ ಇಲ್ಲ. ಒಬ್ಬನಿಗೆ ಒಬ್ಬ, ಅಷ್ಟೇ.

ಪುರಾಣದಲ್ಲೂ ಈ ವಿದ್ಯೆ ಎಲ್ಲರಿಗೂ ಒಲಿದಿರಲಿಲ್ಲ. ಕೃಷ್ಣ, ಅರ್ಜುನ, ಭೀಮ ಮೂವರೂ ಎದುರು ನಿಂತು ಯಾರೊಡನೆ ಕಾದುತ್ತೀಯೆ ಎಂದಾಗ ಜರಾಸಂಧ ಭೀಮನನ್ನು ಆರಿಸಿಕೊಂಡ. ತನಗೆ ತಾನೇ ಸರಿಯಾದ ಜೋಡಿ ಕಟ್ಟಿಕೊಂಡ ಪುಣ್ಯಾತ್ಮ, ಕೊನೆಗೆ ಎರಡು ಸೀಳಾದ. ಧರ್ಮರಾಯನದು ಇನ್ನೊಂದು ಕಥೆ. ಕೊಳದಿಂದ ಎದ್ದುಬಂದ ದುರ್ಯೋಧನನಿಗೆ, ನಮ್ಮೈವರಲ್ಲಿ ಯಾರನ್ನಾದರೂ ಒಬ್ಬನನ್ನು ಗೆಲ್ಲು, ರಾಜ್ಯ ನಿನ್ನದು ಎಂದುಬಿಟ್ಟ. ಅವನು ನಕುಲನನ್ನೋ ಸಹದೇವನನ್ನೋ ತೋರಿಸಿದ್ದರೆ? ಕೃಷ್ಣ ಧರ್ಮರಾಯನಿಗೆ ಉಗಿದದ್ದು ಇದಕ್ಕೇ. ಅಷ್ಟು ಒಳ್ಳೆಯವರನ್ನು ಪಂದ್ಯಾವಳಿಯ ಪಟ್ಟಿ ಬರೆಯಲು ಕೂರಿಸಬಾರದು.

ನನ್ನನ್ನು ಕೂರಿಸಿದವನು ನನ್ನ ಅಕ್ಕನ ಮಗ. ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ, ಸಂಜೆಯಾದರೆ ಬ್ರೆಜಿಲಿಯನ್ ಜಿಯು ಜಿತ್ಸು. ಮಂಡ್ಯ, ಮದ್ದೂರು, ಮಳವಳ್ಳಿಯ ಮಕ್ಕಳನ್ನು ಸೇರಿಸಿ ಮದ್ದೂರಿನ ಒಂದು ಕಲ್ಯಾಣ ಮಂಟಪದಲ್ಲಿ ಸಣ್ಣದೊಂದು ಸ್ಪರ್ಧೆ ಇಟ್ಟುಕೊಂಡಿದ್ದ. ‘ಮಾವ, ನೀನು ಎಲೆಕ್ಷನ್ ಡ್ಯೂಟಿ, ಜನಗಣತಿ ಎಲ್ಲ ಮಾಡಿರೋ ಮೇಷ್ಟ್ರು. ಪಟ್ಟಿ ಬರಿಯೋದು ನಿನಗೇನು ಮಹಾ?’ ಎಂದ. ಮತದಾರರ ಪಟ್ಟಿಯಲ್ಲಿ ಯಾರೂ ಯಾರನ್ನೂ ಕೆಡವುವುದಿಲ್ಲ ಎಂದರೂ ಕೇಳಲಿಲ್ಲ.

ಈ ಆಟದ ವಂಶಾವಳಿ ವಿಚಿತ್ರ. 1882ರಲ್ಲಿ ಜಪಾನಿನ ಜಿಗೊರೊ ಕಾನೊ ಹಳೆಯ ಜುಜುತ್ಸುವನ್ನು ತಿದ್ದಿ ಜೂಡೊ ಕಟ್ಟಿದರು. ಅವರ ಶಾಲೆಯಿಂದ ಬಂದ ಮಿತ್ಸುಯೊ ಮಾಯೆದಾ ಊರೂರು ಕಾದಾಡುತ್ತ 1914ರಲ್ಲಿ ಬ್ರೆಜಿಲ್ ಸೇರಿದರು. ಅಲ್ಲಿ ಗ್ರೇಸಿ ಮನೆತನ ಅದನ್ನು ನೆಲಕ್ಕೆ ಮಲಗಿಸಿ ಬೆಳೆಸಿತು. ಮಲಗಿಸಿ ಎಂದದ್ದು ಸುಮ್ಮನಲ್ಲ. ನಮ್ಮಲ್ಲಿ ಎರಡೂ ಭುಜ ಮಣ್ಣಿಗೆ ತಾಗಿದರೆ ಆಟ ಮುಗಿಯಿತು, ಅವರಲ್ಲಿ ಅಲ್ಲಿಂದ ಶುರು. ಬೆನ್ನ ಮೇಲೆ ಮಲಗಿದವನೇ ಕಾಲಲ್ಲಿ ಸುತ್ತಿಕೊಂಡು ಮೇಲಿದ್ದವನ ಕೈ ತಿರುವಿ ಗೆಲ್ಲಬಹುದು. ನೋಡಲು ಬಂದಿದ್ದ ಹಳೆಯ ಪೈಲ್ವಾನರೊಬ್ಬರಿಗೆ ಇದು ಹಿಡಿಸಲೇ ಇಲ್ಲ. ‘ಬೆನ್ನು ಬಿದ್ಮ್ಯಾಲೆ ಇನ್ನೇನ್ಲಾ ಆಟ, ಎದ್ದು ಮನೆಗೋಗಕ್ಕೇಳು’ ಎಂದು ಗೊಣಗುತ್ತಲೇ ಸಂಜೆಯವರೆಗೂ ಕುರ್ಚಿ ಬಿಡಲಿಲ್ಲ.

ವಿಭಾಗ ಮಾಡುವುದರಲ್ಲಿ ಮಾತ್ರ ಜಿಯು ಜಿತ್ಸುವಿನವರು ನಮಗಿಂತ ಕಟ್ಟುನಿಟ್ಟು. ಮೊದಲು ಗಂಡು ಹೆಣ್ಣು, ಆಮೇಲೆ ವಯಸ್ಸು, ಆಮೇಲೆ ಬೆಲ್ಟು, ಆಮೇಲೆ ತೂಕ. ಅವರ ಅಂತರರಾಷ್ಟ್ರೀಯ ಒಕ್ಕೂಟದ ಲೆಕ್ಕದಲ್ಲಿ ವಯಸ್ಕ ಗಂಡಸರಿಗೆ ಬಿಳಿಯಿಂದ ಕಪ್ಪಿನವರೆಗೆ 5 ಬೆಲ್ಟು; ತೊಟ್ಟ ಸಮವಸ್ತ್ರವೂ ಸೇರಿ 57.5 ಕಿಲೋದಿಂದ 100.5 ಕಿಲೋವರೆಗೆ, ಅದಕ್ಕೂ ಮೇಲೆಂದು ಒಂದು, ಒಟ್ಟು 9 ತೂಕ. ಗುಣಿಸಿದರೆ 45 ಡಬ್ಬಿ. ಲೋಕವೆಲ್ಲ ಬಂದು ಸೇರುವ ಸ್ಪರ್ಧೆಗೆ ಸರಿ. ಮೂರು ತಾಲ್ಲೂಕಿನ ಮಕ್ಕಳನ್ನು ಹೀಗೆ ಹಂಚಿದರೆ ಡಬ್ಬಿಗೊಂದು ಮಗು ಸಿಕ್ಕಿ, ಎಲ್ಲರಿಗೂ ಚಿನ್ನದ ಪದಕ ಕೊಟ್ಟು ಊಟ ಹಾಕಿ ಕಳಿಸಬಹುದು. ಡಬ್ಬಿ ದೊಡ್ಡದು ಮಾಡಿದರೆ ಇಲಿಯೂ ಹೆಗ್ಗಣವೂ ಒಂದೇ ಕಡೆ. ಈ ಕೆಲಸದ ಕಷ್ಟವೆಲ್ಲ ಇರುವುದು ಈ ಎರಡರ ನಡುವೆ.

ತೂಕ ನೋಡಲು ಅಕ್ಕಿ ಗಿರಣಿಯಿಂದ ತಂದ ಕಾಟಾ ಇತ್ತು. ಮಂಡ್ಯ ಜಿಲ್ಲೆಯವರಿಗೆ ತೂಕದ ಯಂತ್ರದ ಮೇಲೆ ನಂಬಿಕೆ ಬರಿಸುವುದು ದೇವರಿಗೂ ಆಗದ ಮಾತು. ಕಬ್ಬಿನ ಗಾಡಿಯನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ಬೆಳೆದ ಜನ. ಒಬ್ಬ ತಂದೆ ಮಗನನ್ನು ಇಳಿಸಿ, ತಾವೇ ಹತ್ತಿ, ತಮ್ಮ ತೂಕ ಸರಿ ಬಂದಮೇಲೆ ಮತ್ತೆ ಮಗನನ್ನು ಹತ್ತಿಸಿದರು. 35 ಕಿಲೋ ಒಳಗೆ ಬರಬೇಕಾದ ಹುಡುಗ 200 ಗ್ರಾಂ ಹೆಚ್ಚು. ‘ಬೆಳಿಗ್ಗೆ ಎರಡು ಮದ್ದೂರು ವಡೆ ತಿಂದ ಸಾ, ಅದೇ ಇದು’ ಎಂದು ತಾಯಿ ವಾದ ಹೂಡಿದರು. ವಡೆಗೆ ರಿಯಾಯಿತಿ ಕೊಡುವ ನಿಯಮ ಎಲ್ಲೂ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಕಿಲೋ ವಿಭಾಗದ ಫೈನಲ್ ಮುಟ್ಟಿದ್ದ ವಿನೇಶ್ ಫೋಗಟ್ 100 ಗ್ರಾಮಿಗೆ ಹೊರಬಿದ್ದದ್ದನ್ನು ನೆನಪಿಸಿದೆ. ‘ಅದು ಒಲಿಂಪಿಕ್ಸು, ಇದು ಮದ್ದೂರು’ ಎಂದರು ಆಕೆ. ಮಾತು ಸರಿಯೇ ಅನ್ನಿಸಿತು. ಆದರೂ ಹುಡುಗ ಮೇಲಿನ ವಿಭಾಗಕ್ಕೆ ಹೋದ. ಅಲ್ಲಿ ಗೆದ್ದನೆಂಬುದು ಬೇರೆ ವಿಷಯ.

ವಯಸ್ಸಿನದು ಇದಕ್ಕಿಂತ ಮೋಜು. ಜಿಯು ಜಿತ್ಸುವಿನವರು ದಿನ, ತಿಂಗಳು ಕೇಳುವುದಿಲ್ಲ, ಹುಟ್ಟಿದ ಇಸವಿ ನೋಡುತ್ತಾರೆ. ಜಾಣತನವೇ. ನಮ್ಮ ಕಾಲದ ಶಾಲೆ ದಾಖಲೆ ನಂಬುವುದಾದರೆ ಹಳ್ಳಿಯ ಅರ್ಧ ಜನ ಹುಟ್ಟಿದ್ದು ಜೂನ್ 1ಕ್ಕೆ. ಈಗ ಆಧಾರ್ ಕಾರ್ಡಿದೆ. ಕಬಡ್ಡಿ ಪಂದ್ಯಾವಳಿಯ ಕರಪತ್ರದಲ್ಲೂ ‘ಆಧಾರ್ ಕಡ್ಡಾಯ’ ಎಂದು ದಪ್ಪಕ್ಷರದಲ್ಲಿರುತ್ತದೆ. ಹಾಗಿದ್ದೂ ಸ್ಥಳೀಯ ತಂಡದಲ್ಲಿ ಯಾರೂ ಕಂಡಿರದ ಒಬ್ಬ ಸೋದರಳಿಯ ಪ್ರತ್ಯಕ್ಷನಾಗುತ್ತಾನೆ. ಈ ವಿಷಯದಲ್ಲಿ ದನದ ಜಾತ್ರೆಯವರೇ ವಾಸಿ. ಬೇಬಿ ಬೆಟ್ಟದ ಜಾತ್ರೆಯಲ್ಲಿ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ವಿಭಾಗ ಮಾಡಿ ಬಹುಮಾನ ಕೊಡುತ್ತಾರೆ. ತುಟಿ ಎತ್ತಿ ನೋಡಿದರೆ ಆಯಿತು, ಅರ್ಜಿಯಿಲ್ಲ, ಜೆರಾಕ್ಸ್ ಇಲ್ಲ.

ಇನ್ನು ಪಟ್ಟಿ. ನಾಕೌಟಿಗೆ 4, 8, 16 ಜನ ಬಂದರೆ ಸುಖ. ಬರುವುದು 11 ಜನ. ಆಗ 16ರ ಪಟ್ಟಿ ಹಾಕಿ 5 ಬೈ ಕೊಡಬೇಕು. ಬೈ ಸಿಕ್ಕವನು ಆಡದೆಯೇ ಎರಡನೇ ಸುತ್ತಿಗೆ. ಎಲ್ಲರೂ ಎಲ್ಲರ ಮೇಲೂ ಆಡಲಿ ಎಂದರೆ 8 ಜನಕ್ಕೇ 28 ಪಂದ್ಯ, ತಲಾ 5 ನಿಮಿಷವೆಂದರೂ ಎರಡು ಗಂಟೆ ಇಪ್ಪತ್ತು ನಿಮಿಷ. ಮಂಟಪದವರು ಸಂಜೆ ಆರಕ್ಕೆ ಬೀಗ ಹಾಕುತ್ತಾರೆ, ಮಾರನೆಯ ದಿನ ಮದುವೆ.

ನಾಕೌಟಿನ ಅನ್ಯಾಯವನ್ನು ಲೆಕ್ಕ ಹಾಕಿ ತೋರಿಸಿದವರು ಮತ್ತಾರೂ ಅಲ್ಲ, ಆಲಿಸಳನ್ನು ಮೊಲದ ಬಿಲಕ್ಕಿಳಿಸಿದ ಲೂಯಿಸ್ ಕ್ಯಾರಲ್. ಗಣಿತದ ಮೇಷ್ಟ್ರಾಗಿದ್ದ ಅವರು 1883ರಲ್ಲಿ ಲಾನ್ ಟೆನಿಸ್ ಪಂದ್ಯಾವಳಿಗಳ ಬಗ್ಗೆ ಒಂದು ಪುಸ್ತಿಕೆಯನ್ನೇ ಬರೆದರು. 32 ಜನರನ್ನು ಚೀಟಿ ಎತ್ತಿ ಆಡಿಸಿದರೆ, ನಿಜವಾಗಿ ಎರಡನೆಯವನಾದವನಿಗೆ ಎರಡನೇ ಬಹುಮಾನ ದಕ್ಕುವ ಸಂಭವ 31ಕ್ಕೆ 16 ಮಾತ್ರ. ಮೊದಲನೆಯವನಿರುವ ಅರ್ಧದಲ್ಲೇ ಅವನೂ ಬಿದ್ದರೆ ಕಥೆ ಮುಗಿಯಿತು. ಅದಕ್ಕೇ ಬಲಶಾಲಿಗಳಿಬ್ಬರನ್ನು ಪಟ್ಟಿಯ ತಲೆಗೂ ಬುಡಕ್ಕೂ ಇಡುವುದು. ಒಲಿಂಪಿಕ್ ಕುಸ್ತಿಯಲ್ಲಿ ಫೈನಲ್ ಮುಟ್ಟಿದವನ ಕೈಲಿ ಸೋತವರಿಗೆ ಕಂಚಿಗಾಗಿ ಮತ್ತೊಂದು ಬಾಗಿಲು ಬಿಟ್ಟಿರುವುದೂ ಅದಕ್ಕೇ. 2008ರಲ್ಲಿ ಸುಶೀಲ್ ಕುಮಾರ್, 2016ರಲ್ಲಿ ಸಾಕ್ಷಿ ಮಲಿಕ್ ಪದಕ ತಂದದ್ದು ಆ ಬಾಗಿಲಿನಿಂದ.

ಒಂದೇ ತರಬೇತಿಯ ಮಕ್ಕಳು ಮೊದಲ ಸುತ್ತಿನಲ್ಲೇ ಎದುರಾಗಬಾರದೆಂಬುದು ಇನ್ನೊಂದು ಮರ್ಯಾದೆ. ಮಳವಳ್ಳಿಯಿಂದ ಒಂದೇ ಟೆಂಪೋದಲ್ಲಿ ಬಂದ ಇಬ್ಬರು ಅಣ್ಣತಮ್ಮಂದಿರನ್ನು ಪಟ್ಟಿಯ ಎರಡು ತುದಿಗೆ ಹಾಕಿದೆ. ಇಬ್ಬರೂ ಗೆಲ್ಲುತ್ತ ಬಂದು ಫೈನಲಿನಲ್ಲಿ ಎದುರಾದರು. ಅವರ ಅಜ್ಜಿ ನನ್ನನ್ನು ನೋಡಿದ ನೋಟದಲ್ಲಿ ಗಣಿತಕ್ಕೆ ಜಾಗವಿರಲಿಲ್ಲ.

ಒಬ್ಬ ಹುಡುಗಿಗೆ ಅವಳ ತೂಕದಲ್ಲಿ ಜೊತೆಯೇ ಇರಲಿಲ್ಲ. ಒಂದು ಮೆಟ್ಟಿಲು ಮೇಲಿನ ವಿಭಾಗದಲ್ಲಿ ಇಬ್ಬರಿದ್ದರು. ಕಾಗದದಲ್ಲಿ ಉತ್ತರ ಸಿಗದೆ ಮೂವರನ್ನೂ ಸಾಲಾಗಿ ನಿಲ್ಲಿಸಿದೆವು. ಆ ಹಳೆಯ ಪೈಲ್ವಾನರು ಕುರ್ಚಿಯಿಂದ ಎದ್ದು ಬಂದು, ಮೂವರ ಮುಂಗೈಯನ್ನೂ ಒಮ್ಮೆ ಹಿಡಿದು ನೋಡಿ, ‘ಆಯ್ತದೆ, ಬುಡಿ’ ಎಂದರು. ಮೂವರಿದ್ದಾಗ ಮೊದಲ ಪಂದ್ಯದಲ್ಲಿ ಸೋತವರಿಗೆ ಮೂರನೆಯವರೊಡನೆ ಇನ್ನೊಂದು ಅವಕಾಶ ಕೊಡುವುದು ಈ ಆಟದ ಪದ್ಧತಿ. ಹುಡುಗಿ ಮೊದಲನೆಯದು ಸೋತಳು, ಎರಡನೆಯದು ಗೆದ್ದಳು, ಫೈನಲಿನಲ್ಲಿ ಮತ್ತೆ ಸೋತಳು. ಮೂರಾಟ ಆಡಿದವಳು ಅವಳೊಬ್ಬಳೇ ಎಂದು ಅವಳಪ್ಪನಿಗೆ ಖುಷಿ. ಗೆದ್ದವಳ ಅಪ್ಪ, ನಮ್ಮ ಹುಡುಗಿಗೆ ಎರಡೇ ಆಟ ಯಾಕೆ ಎಂದು ತಕರಾರು ತೆಗೆದ.

ಮಂಟಪದವರು ಕುರ್ಚಿ ಎತ್ತುತ್ತಿದ್ದಾಗ ಮಳವಳ್ಳಿ ಕಡೆಯ ಗೌಡರೊಬ್ಬರು ಗೋಡೆಗಂಟಿಸಿದ್ದ ಪಟ್ಟಿಯನ್ನು ಬೆರಳಿಟ್ಟು ಓದುತ್ತಿದ್ದವರು ನನ್ನ ಹತ್ತಿರ ಬಂದರು. ‘ಮೇಷ್ಟ್ರೆ, ನಮ್ಮೂರ್ನಾಗೆ ಎತ್ತಿನ ಗಾಡಿ ಓಟ ಇಟ್ಕಂಡಿವಿ. ಎಲ್ಡೆಲ್ಡು ಗಾಡಿ ಬುಡೋದು. ನಲವತ್ತು ಜೊತೆ ಬರ್ತವೆ. ಹಿಂಗೇ ಬರ್ಕೊಡ್ತೀರಾ?’

ನಾನು ಆಗಲೇ ಲೆಕ್ಕಕ್ಕಿಳಿದಿದ್ದೆ. ‘ನಲವತ್ತಾದ್ರೆ ಅರವತ್ತನಾಲ್ಕರ ಪಟ್ಟಿ ಹಾಕ್ಬೇಕು ಗೌಡ್ರೆ. ಇಪ್ಪತ್ನಾಲ್ಕು ಬೈ ಆಗ್ತವೆ.’

‘ಬೈಯ್ಯದ್ನೆಲ್ಲ ನಮ್ಮೂರೋರು ನೋಡ್ಕತಾರೆ,’ ಎಂದರು ಗೌಡರು, ‘ನೀವು ಪಟ್ಟಿ ಬರೀರಿ ಸಾಕು.’