ಬಾಲಚುಕ್ಕಿಯ ಬಾಬತ್ತು

ಏನು ರಾಯರೇ, ಪೇಪರಿನಲ್ಲಿ ಮತ್ತೆ ‘ಶತಮಾನದ ಧೂಮಕೇತು’ ಬಂದಿದೆಯಂತೆ? ಬರಲಿ ಬಿಡಿ. ಈ ಶತಮಾನದ ಧೂಮಕೇತು ಎರಡು ಮೂರು ವರ್ಷಕ್ಕೊಂದು ಸಲ ಬರುತ್ತಲೇ ಇರುತ್ತದೆ. ಆ ಸುದ್ದಿಯಲ್ಲಿ ಎರಡು ಸಂಗತಿ ಕಲಸಿಕೊಂಡಿರುತ್ತವೆ, ಬಿಡಿಸಿ ಓದಬೇಕು ಅಷ್ಟೆ. ಯಾವ ದಿನ, ಯಾವ ನಕ್ಷತ್ರದ ಪಕ್ಕದಲ್ಲಿ ಕಾಣುತ್ತದೆ ಅನ್ನುವುದು ಒಂದು. ಅದನ್ನು ಕಣ್ಣು ಮುಚ್ಚಿ ನಂಬಿ. ಎಷ್ಟು ಹೊಳೆಯುತ್ತದೆ ಅನ್ನುವುದು ಇನ್ನೊಂದು. ಅದನ್ನು ನಂಬಿ ಮನೆಮಂದಿಯನ್ನೆಲ್ಲ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಬೇಡಿ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಗೊತ್ತು, ಅದರಿಂದಿಳಿಯುವ ನೆಂಟ ಎಂಥ ಮುಖ ಹೊತ್ತುಕೊಂಡು ಇಳಿಯುತ್ತಾನೋ ಗೊತ್ತಿಲ್ಲ.

ದಾರಿಯ ಲೆಕ್ಕ ಅಷ್ಟು ಖಚಿತ ಹೇಗೆ ಅಂತೀರಾ? ಬೇರೆ ಬೇರೆ ರಾತ್ರಿ ಅದು ಎಲ್ಲಿತ್ತು ಅಂತ ಮೂರು ಕಡೆ ಗುರುತು ಸಿಕ್ಕರೆ ಸಾಕು, ಒಂದು ಕಚ್ಚಾ ಕಕ್ಷೆ ಕೈಗೆ ಬರುತ್ತದೆ. ಆಮೇಲೆ ರಾತ್ರಿ ರಾತ್ರಿಯ ಗುರುತು ಸೇರಿದ ಹಾಗೆಲ್ಲ ಅದು ಬಿಗಿಯಾಗುತ್ತಾ ಹೋಗುತ್ತದೆ. ಕೊನೆಗೆ ಉಳಿಯುವುದು ಆರೇ ಸಂಖ್ಯೆ: ಸೂರ್ಯನಿಗೆ ಎಷ್ಟು ಹತ್ತಿರ ಬರುತ್ತದೆ, ಎಂದು ಬರುತ್ತದೆ, ದಾರಿ ಎಷ್ಟು ಚಪ್ಪಟೆ, ಎಷ್ಟು ವಾಲಿದೆ, ಮಿಕ್ಕ ಎರಡು ಅದು ಯಾವ ಕಡೆ ತಿರುಗಿಕೊಂಡಿದೆ ಅನ್ನುವುದಕ್ಕೆ. ಈ ಆರು ಸಂಖ್ಯೆ ಕೊಟ್ಟರೆ ನಿಮ್ಮ ಮೊಮ್ಮಗನ ಫೋನಿನಲ್ಲಿರುವ ಆ್ಯಪ್ ನಾಳೆ ಬೆಳಿಗ್ಗೆ ಬೆರಳಿಟ್ಟು ತೋರಿಸುತ್ತದೆ.

ಆ್ಯಪ್ ಇಲ್ಲದ ಕಾಲದಲ್ಲಿ ಇದೇ ಕೆಲಸ ಜೀವ ತಿನ್ನುತ್ತಿತ್ತು ನೋಡಿ. ಎಡ್ಮಂಡ್ ಹ್ಯಾಲಿ 1531, 1607, 1682ರಲ್ಲಿ ಬಂದದ್ದು ಒಂದೇ ಧೂಮಕೇತು, 1758ರ ಕೊನೆಗೆ ಮತ್ತೆ ಬರುತ್ತದೆ ಅಂದ. ಅಂದವನು 1742ರಲ್ಲಿ ತೀರಿಕೊಂಡ. ಗುರು, ಶನಿ ಗ್ರಹಗಳು ನಡುದಾರಿಯಲ್ಲಿ ಅದನ್ನು ಹಿಡಿದು ಜಗ್ಗಿರುತ್ತವಲ್ಲ, ಆ ಲೆಕ್ಕ ಯಾರು ಮಾಡಬೇಕು? ಪ್ಯಾರಿಸ್ಸಿನಲ್ಲಿ ಕ್ಲೇರೊ, ಲಲಾಂಡ್, ಜೊತೆಗೆ ನಿಕೋಲ್-ರೆನ್ ಲೆಪೋಟ್ ಅನ್ನುವ ಹೆಂಗಸು, ಮೂವರೂ ಕೂತರು. ತಿಂಗಳುಗಟ್ಟಲೆ ಬೆಳಗಿನಿಂದ ರಾತ್ರಿಯವರೆಗೆ, ಊಟಕ್ಕೆ ಕೂತಾಗಲೂ ಅಂಕಿ ಕೂಡಿಸಿದರಂತೆ. 1759ರ ಏಪ್ರಿಲ್ ನಡುವೆ ಸೂರ್ಯನನ್ನು ಸುತ್ತಿ ಹೋಗುತ್ತದೆ, ಒಂದು ತಿಂಗಳು ಆಚೀಚೆ ಆದರೂ ಆಗಬಹುದು ಅಂತ ಸಾರಿದರು. ಧೂಮಕೇತು ಮಾರ್ಚ್ 13ಕ್ಕೇ ಸುತ್ತಿತು, ಅವರು ಕೊಟ್ಟ ರಿಯಾಯಿತಿಯ ಅಂಚಿನಲ್ಲೇ. ಅದಕ್ಕೂ ಮೊದಲು, 1758ರ ಕ್ರಿಸ್ಮಸ್ ರಾತ್ರಿ ಅದನ್ನು ಮೊದಲು ಕಂಡವನು ಯಾರು ಗೊತ್ತೇ? ಪ್ಯಾರಿಸ್ಸಿನ ಪಂಡಿತರಲ್ಲ, ಜರ್ಮನಿಯ ಡ್ರೆಸ್ಡೆನ್ ಪಕ್ಕದ ಪಾಲಿಟ್ಶ್ ಅನ್ನುವ ಒಬ್ಬ ರೈತ. ಇನ್ನೊಂದು ಮಾತು. ಕ್ಲೇರೊ ಆಮೇಲೆ ಪುಸ್ತಕ ಬರೆದಾಗ ಲೆಪೋಟ್ ಹೆಸರನ್ನು ಕೈಬಿಟ್ಟ. ಲಲಾಂಡ್ ಮಾತ್ರ ಆಕೆಯ ಶ್ರಮ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕುವ ಧೈರ್ಯವೇ ಬರುತ್ತಿರಲಿಲ್ಲ ಅಂತ ಒಪ್ಪಿಕೊಂಡ. ಲೆಕ್ಕ ಹಾಕಿದವರ ಹೆಸರು ಅಳಿಸುವ ಚಾಳಿ ಇವತ್ತಿನದಲ್ಲ ರಾಯರೇ.

ಇಷ್ಟಾದರೂ ಆ ಹ್ಯಾಲಿ ಧೂಮಕೇತು ಪ್ರತಿ ಸುತ್ತಿಗೂ ಗುರುತ್ವದ ಲೆಕ್ಕಕ್ಕಿಂತ ಸುಮಾರು 4 ದಿನ ತಡ. ಮಂಜುಗಡ್ಡೆ ಬಿಸಿಲಿಗೆ ಆವಿಯಾಗಿ ಒಂದು ಮಗ್ಗುಲಿನಿಂದ ಚಿಮ್ಮುತ್ತದೆ, ಆ ಚಿಮ್ಮು ಧೂಮಕೇತುವನ್ನೇ ಒಂದಿಷ್ಟು ತಳ್ಳುತ್ತದೆ. ಎಂಕೆ ಅನ್ನುವ ಧೂಮಕೇತು ಇದಕ್ಕೆ ತದ್ವಿರುದ್ಧ, ಸ್ವಲ್ಪ ಮುಂಚೆಯೇ ಹಾಜರು. 1950ರಲ್ಲಿ ಫ್ರೆಡ್ ವಿಪಲ್ ಧೂಮಕೇತು ಅಂದರೆ ಧೂಳು ಕಲಸಿದ ಹಿಮದುಂಡೆ ಅಂದಾಗಲೇ ಈ ತಡ, ಈ ಅವಸರ ಎರಡಕ್ಕೂ ಸರಿಯಾದ ಕಾರಣ ಸಿಕ್ಕಿತು.

ಹೊಳಪಿನ ಲೆಕ್ಕ ಹಾಳಾಗುವುದೂ ಈ ಹಿಮದಿಂದಲೇ. ಬರೀ ಬಂಡೆಯಾಗಿದ್ದರೆ ಸೂರ್ಯನಿಂದ ದೂರ ಅರ್ಧವಾದಾಗ ಬೆಳಕು 4 ಪಟ್ಟು ಆಗುತ್ತಿತ್ತು. ಧೂಮಕೇತುವಿಗೆ ಆವಿ, ಧೂಳು ಕೂಡಿಕೊಂಡು 16 ಪಟ್ಟು ಅಂತ ಅಂದಾಜು ಇಟ್ಟುಕೊಳ್ಳುತ್ತಾರೆ. ಅಂದಾಜು ಅಷ್ಟೇ! ಒಂದು ಮೊದಲೇ ಉಬ್ಬಿಕೊಂಡು ನಿಂತುಬಿಡುತ್ತದೆ, ಇನ್ನೊಂದು ಕೊನೆಗೆ ಏಳುತ್ತದೆ. ಮೊದಲ ಸಲ ಸೂರ್ಯನ ಕಡೆ ಬರುವವಂತೂ ದಗಾಕೋರರು. ಅವುಗಳ ಮೈಮೇಲಿನ ಹಗುರ ಮಂಜು ಬಹಳ ದೂರದಲ್ಲೇ ಹಾರಲು ಶುರುವಾಗುತ್ತದೆ. ಅದನ್ನು ನೋಡಿ ದೂರದಲ್ಲೇ ಇಷ್ಟಾದರೆ ಹತ್ತಿರ ಬಂದಾಗ ಏನಪ್ಪಾ ಗತಿ ಅಂತ ಜನ ಕುಣಿಯುತ್ತಾರೆ. 1973ರ ಕೊಹೌಟೆಕ್ ನೆನಪಿದೆಯೇ? ನಿಮಗೆ ನೆನಪಿರಬೇಕು, ನಿಮ್ಮ ವಯಸ್ಸು ನಾನು ಹೇಳುವುದಿಲ್ಲ. ಜಗತ್ತೆಲ್ಲ ಡಂಗುರ ಹೊಡೆಸಿಕೊಂಡು ಬಂದು, ಇಣುಕಿದ ಹಾಗೆ ಮಾಡಿ ಹೋಯಿತು. 2013ರ ಐಸಾನ್ ಸೂರ್ಯನನ್ನು ಸುತ್ತುವಾಗಲೇ ಪುಡಿಪುಡಿ.

ಹೋಮ್ಸ್ ಕತೆ ಇದರ ಉಲ್ಟಾ. 1892ರಲ್ಲೇ ಪತ್ತೆಯಾದ ಹಳೇ ಧೂಮಕೇತು ಅದು. 2007ರ ಮೇ ತಿಂಗಳಲ್ಲೇ ಸೂರ್ಯನನ್ನು ಸುತ್ತಿ ವಾಪಸು ಹೊರಟಿತ್ತು, ದೊಡ್ಡ ದೂರದರ್ಶಕಕ್ಕೂ ಕಷ್ಟ ಅನ್ನುವಷ್ಟು ಮಂಕು. ಅಕ್ಟೋಬರ್ ಕೊನೆಯಲ್ಲಿ, ಎರಡು ದಿನ ತುಂಬುವ ಮುಂಚೆ, ಸುಮಾರು 5 ಲಕ್ಷ ಪಟ್ಟು ಹೊಳಪೇರಿ ಬರಿಗಣ್ಣಿಗೆ ಕಾಣತೊಡಗಿತು. ಅದರ ಧೂಳಿನ ಮೋಡ ಮುಂದೆ ಸೂರ್ಯನಿಗಿಂತ ದೊಡ್ಡದಾಗಿ ಹರಡಿತು. ಮನೆಗೆ ಹೊರಟವನು ಗೇಟಿನ ಹತ್ತಿರ ಹೋಗಿ ಪಟಾಕಿ ಹಚ್ಚುತ್ತಾನೆಂದು ಯಾರು ಎಣಿಸಿದ್ದರು?

2024ರದ್ದನ್ನು ನೀವೂ ನೋಡಿದ್ದೀರಲ್ಲ, ತ್ಸುಚಿನ್‌ಶಾನ್–ಅಟ್ಲಾಸ್. ಚೀನಾದ ವೀಕ್ಷಣಾಲಯ, ದಕ್ಷಿಣ ಆಫ್ರಿಕಾದ ದೂರದರ್ಶಕ ಎರಡೂ 2023ರಲ್ಲಿ ಕಂಡದ್ದು. 2024ರ ಜುಲೈನಲ್ಲಿ ಸೆಕಾನಿನಾ ಅನ್ನುವ ಹಿರಿಯ ತಜ್ಞರು ಇದು ಸೂರ್ಯನವರೆಗೆ ಬಾಳುವುದಿಲ್ಲ, ಒಡೆಯುತ್ತದೆ ಅಂತ ಬರೆದರು. ಅದು ಸೆಪ್ಟೆಂಬರ್ 27ಕ್ಕೆ ಸೂರ್ಯನನ್ನು ಸುತ್ತಿ, ಬೆಂಗಳೂರಿನ ಮುಂಜಾವಿನ ಪೂರ್ವದಲ್ಲಿ ಬಾಲ ಎತ್ತಿಕೊಂಡು ನಿಂತಿತು. ಸಂಜೆಯ ಆಕಾಶಕ್ಕೆ ಹಾದ ಮೇಲೆ ನಮಗೆ ಮಳೆ. ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್ ಟೆಸ್ಟಿನ ಮೊದಲ ದಿನವೂ ಕೊಚ್ಚಿಹೋಯಿತು. ಮಾರನೇ ದಿನ ನಮ್ಮವರು 46ಕ್ಕೆ ಆಲೌಟ್. ಅದನ್ನು ಯಾವ ತಜ್ಞ ಹೇಳಿದ್ದ?

ಆದರೆ ಹೊಳಪು ಹೇಳಲಾಗದ ಕಾರಣಕ್ಕೇ ನನ್ನಂಥವರಿಗೆ ಇಲ್ಲಿ ಒಂದಿಷ್ಟು ಕೆಲಸ ಉಳಿದಿದೆ ಅನ್ನಿ. ಹೊಳಪು ಅಳೆಯುವುದಕ್ಕೆ ಹಳೇ ಉಪಾಯವೊಂದಿದೆ. ಬೈನಾಕ್ಯುಲರ್‌ನಲ್ಲಿ ಧೂಮಕೇತುವಿನ ಮಸುಕು ತಲೆ ಎಷ್ಟು ಗಾತ್ರವೆಂದು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಹೊಳಪು ಗೊತ್ತಿರುವ ಪಕ್ಕದ ನಕ್ಷತ್ರಗಳನ್ನು ಫೋಕಸ್ ತಪ್ಪಿಸಿ ಅಷ್ಟೇ ದೊಡ್ಡ ಮಸುಕು ಮಾಡಿ, ಯಾವುದಕ್ಕಿಂತ ಮಂಕು, ಯಾವುದಕ್ಕಿಂತ ಜೋರು ಅಂತ ತೂಗಬೇಕು. ತಾರೀಖು, ವೇಳೆ, ತಲೆಯ ಅಗಲ, ಬಾಲದ ಉದ್ದ ಬರೆದಿಡಬೇಕು. ದೇಶದೇಶದವರು ಬರೆದದ್ದು ಒಟ್ಟಾದರೆ ಹೊಳಪಿನ ಏರಿಳಿತದ ಗೆರೆ ಮೂಡುತ್ತದೆ. ತಜ್ಞರ ಅಂದಾಜಿನ ಗೆರೆ ಅದರ ಪಕ್ಕದಲ್ಲಿ ನಾಚಿಕೊಂಡು ನಿಂತಿರುತ್ತದೆ.

ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ಕಟ್ಟಿದ ವೇಣು ಬಾಪ್ಪು ಅವರದೇ ಒಂದು ಧೂಮಕೇತು ಇದೆ. 1949ರಲ್ಲಿ ಹಾರ್ವರ್ಡ್‌ನಲ್ಲಿ ಓದುವಾಗ ಫೋಟೋ ಪ್ಲೇಟಿನ ಮೇಲೆ ಸಿಕ್ಕಿದ್ದು, ಬಾಪ್ಪು–ಬೋಕ್–ನ್ಯೂಕರ್ಕ್ ಅಂತ. ಒಂದು ಸುತ್ತಿಗೆ ಸುಮಾರು 60,000 ವರ್ಷ ಅಂತ ಆಗಲೇ ಲೆಕ್ಕ ಹಾಕಿದರು. ಅದಕ್ಕೆ ನಾವು ಕಾಯುವುದು ಬೇಡ.

ಹ್ಯಾಲಿಗೆ ಬೇಕಾದರೆ ಕಾಯಬಹುದು. 2023ರ ಡಿಸೆಂಬರಿನಲ್ಲಿ ನೆಪ್ಚೂನಿನ ಕಕ್ಷೆಯ ಆಚೆ ತಿರುವು ತೆಗೆದುಕೊಂಡು ಈಗ ಇತ್ತ ಹೊರಟಿದೆ. ಸೂರ್ಯನ ಹತ್ತಿರ ಬರುವುದು 2061ರ ಜುಲೈ 28ಕ್ಕೆ. 1986ರಲ್ಲಿ ಅದು ಸೂರ್ಯನ ಆ ಕಡೆ ಸುತ್ತಿ ನಮಗೆ ಮೋಸ ಮಾಡಿತು, ಈ ಸಲ ಭೂಮಿಯ ಕಡೆಯೇ ಇರುತ್ತದಾದ್ದರಿಂದ ಚೆನ್ನಾಗಿ ಕಾಣಬೇಕು. ಒಂದೇ ತೊಂದರೆ, ಜುಲೈ. ನಿಮ್ಮ ಮಗಳ ಮನೆ ತೀರ್ಥಹಳ್ಳಿಯಲ್ಲಿ ಅಲ್ಲವೇ? ಮೊಮ್ಮಗನಿಗೆ ಈಗಲೇ ಹೇಳಿಡಿ, ಆ ತಿಂಗಳು ಅಲ್ಲಿ ಕೂರುವುದು ಬೇಡ, ಚಳ್ಳಕೆರೆ ಕಡೆ ಹೋಗಿಬಿಡಲಿ, ಅಲ್ಲಿ ಮಳೆ ಕಮ್ಮಿ. ಸೈಟು ಸಿಕ್ಕರೆ ಒಂದು ನೋಡಿಡಿ, ರಾಯರೇ. ರೇಟು ಎಷ್ಟು ಏರುತ್ತದೋ ನಾನು ಹೇಳಲಾರೆ.