ಐಚ್ಛಿಕ ಹಾಜರಿ

2014ರ ಸೆಪ್ಟೆಂಬರ್ 5. ಮಧ್ಯಾಹ್ನ ಪ್ರಧಾನಿ ನರೇಂದ್ರ ಮೋದಿಯವರು ದೆಹಲಿಯಿಂದ ದೇಶದ ಶಾಲಾ ಮಕ್ಕಳನ್ನು ಉದ್ದೇಶಿಸಿ ಮಾತಾಡುವವರಿದ್ದರು. ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಹೆಡ್‌ಮೇಷ್ಟ್ರು ಶಾಮಿಯಾನದವನಿಂದ ಬಾಡಿಗೆಗೆ ತಂದ ಟೀವಿಯ ವೈರು ಸಿಕ್ಕಿಸುತ್ತಿದ್ದಾರೆ. (ಬಾಡಿಗೆ ಯಾವ ಲೆಕ್ಕಕ್ಕೆ ಹಾಕುವುದೋ, ಸುತ್ತೋಲೆ ಮೌನ.)

‘ಸಾ, ಮಗಳನ್ನ ಬೇಗ ಕರ್ಕೊಂಡು ಹೋಗ್ಲಾ? ಐಚ್ಛಿಕ ಅಂತ ಮಂತ್ರಿಗಳೇ ಅಂದವ್ರಂತೆ.’

‘ಐಚ್ಛಿಕಾನೇ ಕಣಪ್ಪ. ಎಷ್ಟು ಮಕ್ಳು ಐಚ್ಛಿಕವಾಗಿ ಕೂತ್ರು ಅಂತ ಸಂಜೆಯೊಳಗೆ ಫೋಟೋ ಸಮೇತ ವರದಿ ಕೊಡ್ಬೇಕು, ಅಷ್ಟೇ.’

‘ಭಾಷಣ ಹಿಂದೀಲಂತೆ. ಮೂರನೇ ಕ್ಲಾಸಿನವ್ಕೆ ಏನು ತಿಳೀತದೆ?’

‘ಟೀವಿ ಒಳಗಿನೋರು ಚಪ್ಪಾಳೆ ತಟ್ಟಿದಾಗ ನಮ್ಮೋರೂ ತಟ್ತಾರೆ. ನಿನ್ನೆ ಗಣಿತದ ಪೀರಿಯಡ್ಡಲ್ಲಿ ಅಭ್ಯಾಸ ಮಾಡ್ಸಿದೀನಿ.’

‘ಆಗಸ್ಟ್ 15ಕ್ಕೆ ಕೆಂಪುಕೋಟೆ ಮೇಲಿಂದ ಹೆಣ್ಮಕ್ಳಿಗೆ ಬೇರೆ ಶೌಚಾಲಯ ಅಂದಿದ್ರು...’

‘ನಮ್ಮಲ್ಲಿ ಆಗ್ಲೇ ಐತಲ್ಲ!’

‘ಬೀಗ ಹಾಕೀರಲ್ಲ ಸಾ?’

‘ಗಲೀಜಾಗಬಾರ್ದು ಅಂತ. ಸಾಹೇಬ್ರು ಬಂದಾಗ ತೆಗೀತೀವಿ.’

‘ಕರೆಂಟು ಹೋದ್ರೆ?’

‘ರೇಡಿಯೋ.’

‘ಅದೂ ಕೆಟ್ರೆ?’

ಮೇಷ್ಟ್ರು ತಲೆ ಕೆರೆದುಕೊಂಡರು. ‘ಇನ್ನೇನ್ ಮಾಡೋದು, ಪಾಠ ಮಾಡ್ಬೇಕಾಗ್ತದೆ.’

ಅಪ್ಪ ಟ್ರಾನ್ಸ್‌ಫಾರ್ಮರ್ ಕಡೆ ತಿರುಗಿ ಕೈಮುಗಿದ.